ಸೆಕೆಂಡ್ ಹ್ಯಾಂಡ್ ಆರಿಂಚು: ಊರವರಿಗೆ ಆಕಾಶ ತೋರಿಸಲು ಟೆಲಿಸ್ಕೋಪ್ ತಗೊಂಡ ಅನುಭವ

ಟೆಲಿಸ್ಕೋಪ್ ತಗೊಳ್ಳಬೇಕು, ಯಾವುದು ಒಳ್ಳೆಯದು ಅಂತ ಈಗ ತಿಂಗಳಿಗೆ ಒಬ್ಬರಾದರೂ ನನ್ನನ್ನು ಕೇಳುತ್ತಾರೆ. ನಾನು ಮೊದಲು ಕೇಳುವುದು ಒಂದೇ: ನೋಡುವವರು ಯಾರು? ನೀವೊಬ್ಬರೇ ತಾರಸಿ ಮೇಲೆ ಕೂತು ನೋಡುವುದಾದರೆ ಅದೊಂದು ಲೆಕ್ಕ. ಶಾಲೆಯ ಮಕ್ಕಳು, ಬೀಡಿ ಕಟ್ಟಿ ಎದ್ದು ಬಂದ ಅಕ್ಕಂದಿರು, ಮೊಣಕಾಲು ನೋವಿನ ಅಜ್ಜಿಯಂದಿರು ಸಾಲು ನಿಂತು ನೋಡುವುದಾದರೆ ಲೆಕ್ಕವೇ ಬೇರೆ. ಈ ಎರಡನೇ ಲೆಕ್ಕದ ಬಗ್ಗೆ ಬರೆದವರು ಕಡಿಮೆ. ಅದಕ್ಕೇ ನಾನು ಮಾಡಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನನ್ನ ಊರು ಬ್ರಹ್ಮಾವರದ ಹತ್ತಿರ. ಕಾಲೇಜು ದಿನಗಳಲ್ಲಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಕ್ಲಬ್ಬಿನವರು ತೋರಿಸಿದಾಗ ಮೊದಲ ಸಲ ಶನಿಯ ಬಳೆ ನೋಡಿದ್ದೆ. ಆಮೇಲೆ ಕೆಲಸ, ಮನೆ ಅಂತ ಅದು ಹಿಂದೆ ಬಿತ್ತು. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಿಮಗೆ ನೆನಪಿರಬಹುದು. ಮಂಗಳೂರಿನವರಿಗೆ ಪೂರ್ತಿ ಬಳೆ ಕಂಡಿತು. ನಮ್ಮ ಕಡೆ ಬಾಗಿಲು ಹಾಕಿಕೊಂಡು ಒಳಗೆ ಕೂತವರೇ ಜಾಸ್ತಿ. ನಾನು ರಟ್ಟಿಗೆ ಸೂಜಿಯಿಂದ ಒಂದು ತೂತು ಮಾಡಿ, ಅಂಗಳದ ಸಿಮೆಂಟಿನ ಮೇಲೆ ಬಿದ್ದ ಸಣ್ಣ ಸೂರ್ಯನನ್ನು ಆರೇಳು ಮಕ್ಕಳಿಗೆ ತೋರಿಸಿದೆ. ಅವರು ಅಲ್ಲಿಂದ ಏಳಲೇ ಇಲ್ಲ. ಒಂದು ಟೆಲಿಸ್ಕೋಪ್ ಊರಲ್ಲಿ ಇರಬೇಕು ಅಂತ ನನಗೆ ಗಟ್ಟಿಯಾದದ್ದು ಅವತ್ತು. ಕೊರೊನಾ ಬಂತು, ಹೋಯಿತು. ಕೈಯಲ್ಲಿ ಇಪ್ಪತ್ತು ಸಾವಿರ ಸೇರುವಾಗ 2024ರ ಮಳೆಗಾಲ ಮುಗಿದಿತ್ತು. ಆ ದುಡ್ಡಿಗೆ ನನಗೆ ಬೇಕಾದದ್ದು ಹೊಸದಾಗಿ ಸಿಗುವುದಿಲ್ಲ. ಹಾಗಾಗಿ ಹಳೆಯದನ್ನು ಹುಡುಕಲು ಶುರು ಮಾಡಿದೆ.

ಮೊದಲು ನೋಡಿದ್ದು ಮೂರಿಂಚಿನದ್ದು, ಅಂದರೆ ಒಳಗಿನ ಕನ್ನಡಿಯ ಅಗಲ ಮೂರಿಂಚು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 525 ಪಟ್ಟು ಅಂತ ಬರೆದಿತ್ತು. ಇದನ್ನು ನಂಬಬೇಡಿ. ಕನ್ನಡಿಯ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು ಹಿಗ್ಗಿಸಿದರೆ ಮುಗಿಯಿತು, ಅದರಾಚೆ ಬರೀ ಮಬ್ಬು. 76 ಮಿಲಿಮೀಟರಿಗೆ 150 ಪಟ್ಟು ಸಿಕ್ಕರೆ ದೊಡ್ಡದು. ಅದಕ್ಕಿಂತ ಬೇಜಾರಾದದ್ದು ಸ್ಟ್ಯಾಂಡ್ ನೋಡಿ. ಕಡ್ಡಿಯಂಥ ಮೂರು ಕಾಲು. ಬೆರಳಲ್ಲಿ ಮುಟ್ಟಿದರೆ ಚಿತ್ರ ನಡುಗುತ್ತದೆ, ನಿಲ್ಲಲು ನಾಲ್ಕೈದು ಸೆಕೆಂಡ್ ಬೇಕು. ಅಷ್ಟರಲ್ಲಿ ಇನ್ನೊಂದು ಮಗು ಮುಟ್ಟಿರುತ್ತದೆ.

ಎರಡನೆಯದು ಐದಿಂಚಿನ ಕಂಪ್ಯೂಟರ್ ಟೆಲಿಸ್ಕೋಪ್. ಬಟನ್ ಒತ್ತಿದರೆ ತಾನೇ ಗ್ರಹ ಹುಡುಕುತ್ತದೆ. ಆಸೆ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬ್ಯಾಟರಿ ಹಾಕುವ ಜಾಗ ತೆಗೆದು ನೋಡಿದರೆ ತಾಮ್ರದ ತುದಿಗಳೆಲ್ಲ ಹಸಿರು. ಸಮುದ್ರದ ಹತ್ತಿರದ ಮನೆ. ಉಪ್ಪಿನ ಗಾಳಿ ಏನು ಮಾಡುತ್ತದೆ ಅಂತ ನಮಗೆ ಹೇಳಿಕೊಡಬೇಕಾ, ಕಿಟಕಿಯ ಸರಳು ನೋಡಿದರೆ ಸಾಕಲ್ವಾ. ಒಂದು ಮೋಟಾರ್ ತಿರುಗುವಾಗ ಕಿರುಚುತ್ತಿತ್ತು. ಆ ಮಾದರಿಯಲ್ಲಿ ಮೋಟಾರ್ ನಿಂತರೆ ಕೈಯಲ್ಲಿ ತಿರುಗಿಸಲು ಬರುವುದಿಲ್ಲ. ಐವತ್ತು ಜನ ಸಾಲಲ್ಲಿ ಇರುವಾಗ ಅದು ನಿಂತುಬಿಟ್ಟರೆ? ಬೇಡ ಅಂದೆ.

ಮೂರನೆಯದು ಮಂಗಳೂರಿನ ಕದ್ರಿಯಲ್ಲಿ, ನಿವೃತ್ತ ಎಂಜಿನಿಯರ್ ಒಬ್ಬರ ಫ್ಲ್ಯಾಟಿನಲ್ಲಿ ಇತ್ತು. ಆರಿಂಚಿನ ಡಾಬ್ಸೋನಿಯನ್. ಕನ್ನಡಿ 150 ಮಿಲಿಮೀಟರ್, ಫೋಕಲ್ ಲೆಂತ್, ಅಂದರೆ ಕನ್ನಡಿಯಿಂದ ಬೆಳಕು ಒಟ್ಟಾಗುವ ಜಾಗಕ್ಕಿರುವ ದೂರ, 1200 ಮಿಲಿಮೀಟರ್. ಅವರ ಬಾಲ್ಕನಿಯೆದುರು ಹೊಸ ಕಟ್ಟಡ ಎದ್ದಿತ್ತು. "ಮೂರು ವರ್ಷದಿಂದ ಇದು ಗೋಡೆ ನೋಡಿಕೊಂಡು ಕೂತಿದೆ ಮಾರಾಯ್ರೆ" ಅಂದರು.

ಡಾಬ್ಸೋನಿಯನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಉದ್ದ ಕೊಳವೆ, ಕೆಳಗೆ ದೊಡ್ಡ ಕನ್ನಡಿ, ಮೇಲೆ ಬೆಳಕನ್ನು ಬದಿಗೆ ತಿರುಗಿಸುವ ಸಣ್ಣ ಕನ್ನಡಿ, ಅದರ ಬದಿಯಲ್ಲಿ ಕಣ್ಣಿಡುವ ಜಾಗ. ಇದೆಲ್ಲ ಕೂರುವುದು ನೆಲದ ಮೇಲಿನ ಒಂದು ಮರದ ಪೆಟ್ಟಿಗೆಯಲ್ಲಿ. ಮೋಟಾರ್ ಇಲ್ಲ, ಗೇರ್ ಇಲ್ಲ. ಕೈಯಲ್ಲಿ ತಳ್ಳಿದ ಕಡೆ ಹೋಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಇದನ್ನು ಬಳಕೆಗೆ ತಂದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ರಾಮಕೃಷ್ಣ ಪರಂಪರೆಯ ವೇದಾಂತ ಮಠದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಹಳೇ ಗಾಜು ತಂದು, ಕೈಯಲ್ಲೇ ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಗೆ ಕೂರಿಸಿ, ಬೀದಿಗೆ ಉರುಳಿಸಿಕೊಂಡು ಹೋಗಿ ದಾರಿಹೋಕರಿಗೆ ಆಕಾಶ ತೋರಿಸುತ್ತಿದ್ದರು. ಈ ಓಡಾಟದಿಂದಲೇ 1967ರಲ್ಲಿ ಅವರು ಮಠ ಬಿಡಬೇಕಾಯಿತು. ಮರುವರ್ಷವೇ ಬೀದಿಬದಿಯಲ್ಲಿ ಆಕಾಶ ತೋರಿಸುವವರ ಒಂದು ಗುಂಪು ಕಟ್ಟಿದರು. ಅಂದರೆ ಇದು ಹುಟ್ಟಿದ್ದೇ ಸಾಲಲ್ಲಿ ನಿಂತು ನೋಡುವ ಜನರಿಗಾಗಿ. ಕದ್ರಿಯ ಆ ಫ್ಲ್ಯಾಟಿನಲ್ಲಿ ಅದನ್ನು ಮುಟ್ಟುವಾಗ ನನ್ನ ತಲೆಯಲ್ಲಿ ಇದೇ ಇತ್ತು.

ಹಾಗಂತ ಕಣ್ಣು ಮುಚ್ಚಿ ದುಡ್ಡು ಕೊಡಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೋದವನು ರಾತ್ರಿ ಎಂಟರವರೆಗೆ ಅಲ್ಲೇ ಇದ್ದೆ. ಹಗಲಲ್ಲಿ ನೋಡಬೇಕಾದ್ದು ಬೇರೆ, ರಾತ್ರಿ ನೋಡಬೇಕಾದ್ದು ಬೇರೆ.

ಹಗಲಿನದ್ದು ಮೊದಲು. ಕೊಳವೆಯ ಬಾಯಿಯಿಂದ ಟಾರ್ಚ್ ಬಿಟ್ಟು ಕನ್ನಡಿ ನೋಡಿ ಹೆದರಬೇಡಿ. ಟಾರ್ಚಿನ ಬೆಳಕಲ್ಲಿ ಎಂಥ ಒಳ್ಳೆಯ ಕನ್ನಡಿಯೂ ಧೂಳು ಹಿಡಿದು ಹಾಳಾದ ಹಾಗೆ ಕಾಣುತ್ತದೆ. ಧೂಳಿನಿಂದ ಏನೂ ಆಗುವುದಿಲ್ಲ. ನೋಡಬೇಕಾದ್ದು ಲೇಪ. ಗಾಜಿನ ಮುಂದಿನ ಮೈಗೆ ಅಲ್ಯುಮಿನಿಯಮ್ಮಿನ ತೆಳ್ಳನೆಯ ಪದರ ಇರುತ್ತದೆ, ಕರಾವಳಿಯಲ್ಲಿ ಮೊದಲು ಸಾಯುವುದು ಅದೇ. ನಾನು ಅವರ ಒಪ್ಪಿಗೆ ಕೇಳಿ, ಹಿಂದಿನ ಸ್ಕ್ರೂ ಬಿಚ್ಚಿ, ಕನ್ನಡಿಯನ್ನು ಅದರ ತಟ್ಟೆಯಿಂದ ಹೊರಗೆ ತೆಗೆದೆ. ಅಂಚಿನಲ್ಲಿ ಮಾತ್ರ ಹಿಡಿದು, ಹಿಂದಿನಿಂದ ಬಲ್ಬಿನ ಬೆಳಕು ಬರುವ ಹಾಗೆ ಎತ್ತಿದೆ. ಲೇಪ ಹೋದಲ್ಲೆಲ್ಲ ಬೆಳಕು ಸೂಜಿಮೊನೆಯಂತೆ ತೂರಿ ಬರುತ್ತದೆ. ಹತ್ತು ಹನ್ನೆರಡು ಚುಕ್ಕಿ ಎಣಿಸಿದೆ. ಅಂಚಿನ ಒಂದು ಕಡೆ ಉಗುರಿನಷ್ಟು ಜಾಗ ಮಾಸಿತ್ತು. ಅಷ್ಟು ಪರವಾಗಿಲ್ಲ. ಕನ್ನಡಿ ಪೂರ್ತಿ ಜರಡಿಯಂತೆ ಕಂಡರೆ, ಅಥವಾ ಹಾಲು ಚೆಲ್ಲಿದ ಹಾಗೆ ಮಸುಕು ಹಬ್ಬಿದ್ದರೆ ಬಿಟ್ಟು ಬನ್ನಿ. ಮತ್ತೆ ಲೇಪ ಹಾಕಿಸಬಹುದು, ಆದರೆ ಅದಕ್ಕೆ ದೂರದ ಊರಿಗೆ ಕಳಿಸಬೇಕು, ಖರ್ಚೂ ಉಂಟು.

ಆಮೇಲೆ ಐಪೀಸುಗಳು, ಅಂದರೆ ಕಣ್ಣಿಡುವ ಜಾಗಕ್ಕೆ ಹಾಕುವ ಸಣ್ಣ ಮಸೂರಗಳು. ಮೂರು ಇದ್ದವು: 25, 15, 10 ಮಿಲಿಮೀಟರ್. ಬೆಳಕಿಗೆ ಓರೆಯಾಗಿ ಹಿಡಿದಾಗ ಹತ್ತರದ್ದರಲ್ಲಿ ಒಳಗಡೆ ಜೇಡನ ಬಲೆಯ ಎಳೆಗಳ ಹಾಗೆ ಕಂಡಿತು. ಅದು ಫಂಗಸ್. ನಮ್ಮ ಕಡೆ ಕ್ಯಾಮೆರಾ ಇರುವವರಿಗೆಲ್ಲ ಇದರ ಪರಿಚಯ ಇದೆ. ಒರೆಸಿದರೆ ಹೋಗುವುದಿಲ್ಲ, ಗಾಜಿನ ನಡುವೆ ಬೆಳೆದಿರುತ್ತದೆ. ಅವರಿಗೆ ತೋರಿಸಿದೆ. "ಅಯ್ಯೋ, ನಾನು ನೋಡಲೇ ಇಲ್ಲ" ಅಂತ ನಿಜವಾಗಿ ನೊಂದುಕೊಂಡು ಆ ಐಪೀಸಿನ ಬೆಲೆ ತಾವಾಗಿಯೇ ಕಳೆದರು.

ಕೊಳವೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲ ಅಲ್ಲಾಡಿಸಿ, ಒಳಗೆ ಏನಾದರೂ ಟಕಟಕ ಅಂದರೆ ಸಣ್ಣ ಕನ್ನಡಿಯ ಸ್ಕ್ರೂ ಸಡಿಲ ಇದೆ ಅಂತ ಅರ್ಥ, ಅದನ್ನು ಬಿಗಿ ಮಾಡಬಹುದು. ಫೋಕಸರನ್ನು, ಅಂದರೆ ಐಪೀಸನ್ನು ಹಿಂದೆ ಮುಂದೆ ಸರಿಸುವ ಭಾಗವನ್ನು, ಪೂರ್ತಿ ಹೊರಗೆ ತಂದು ಬೆರಳಲ್ಲಿ ಅಲ್ಲಾಡಿಸಿ. ಜಾಸ್ತಿ ಆಟ ಇದ್ದರೆ ಯೋಚಿಸಿ, ಯಾಕೆಂದರೆ ನಿಮ್ಮ ಮಕ್ಕಳು ಹಿಡಿದು ಜಗ್ಗುವುದು ಅದನ್ನೇ.

ಸಾಮಾನಿನ ಚೀಲದಲ್ಲಿ ಇನ್ನೊಂದು ಇತ್ತು. ಐಪೀಸಿನ ಹಿಂದೆ ತಿರುಗಿಸಿ ಹಾಕುವ, ರೂಪಾಯಿಗಿಂತ ಸಣ್ಣ ಕಪ್ಪು ಗಾಜು, ಸೂರ್ಯನನ್ನು ನೋಡಲು ಅಂತ ಕೊಟ್ಟದ್ದು. ಹಳೇ ಟೆಲಿಸ್ಕೋಪುಗಳ ಜೊತೆ ಇದು ಈಗಲೂ ಬರುತ್ತದೆ. ದಯವಿಟ್ಟು ಎಸೆಯಿರಿ. ಕನ್ನಡಿ ಒಟ್ಟು ಮಾಡಿದ ಸೂರ್ಯನ ಶಾಖವೆಲ್ಲ ಆ ಪುಟ್ಟ ಗಾಜಿನ ಮೇಲೆ ಬೀಳುತ್ತದೆ, ಅದು ನೋಡುತ್ತಿರುವಾಗಲೇ ಸೀಳಬಹುದು. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ. ಸೂರ್ಯನಿಗೆ ಫಿಲ್ಟರ್ ಹಾಕುವುದಾದರೆ ಕೊಳವೆಯ ಬಾಯಿಗೇ, ಅದೂ ಅದಕ್ಕಾಗಿಯೇ ಮಾಡಿದ್ದು. ನಾನು ಅದನ್ನು ಅವರೆದುರೇ ಕಲ್ಲಿನಿಂದ ಒಡೆದೆ. ಅವರೂ ಒಳ್ಳೆಯದಾಯಿತು ಅಂದರು.

ಕತ್ತಲಾದ ಮೇಲೆ ಅವರ ತಾರಸಿಗೆ ಹೊತ್ತೆವು. ಒಂದು ನಕ್ಷತ್ರ ಹಿಡಿದು ಫೋಕಸನ್ನು ಸ್ವಲ್ಪ ತಪ್ಪಿಸಿದರೆ ಚುಕ್ಕಿ ಹಿಗ್ಗಿ, ಉದ್ದಿನ ವಡೆಯ ಹಾಗೆ ನಡುವೆ ತೂತಿನ ಉಂಗುರ ಆಗುತ್ತದೆ. ತೂತು ಸರಿಯಾಗಿ ನಡುವೆ ಇದ್ದರೆ ಎರಡು ಕನ್ನಡಿಗಳೂ ಒಂದೇ ನೇರದಲ್ಲಿವೆ. ನಮ್ಮದು ಒಂದು ಬದಿಗೆ ಜಾರಿತ್ತು. ಇದು ದೋಷವೇ ಅಲ್ಲ, ಹಿಂದಿನ ಮೂರು ಸ್ಕ್ರೂ ತಿರುಗಿಸಿ ಹತ್ತು ನಿಮಿಷದಲ್ಲಿ ಸರಿ ಮಾಡುವ ಕೆಲಸ. ಇದಕ್ಕೆ ಕೊಲಿಮೇಶನ್ ಅನ್ನುತ್ತಾರೆ, ಹಾರ್ಮೋನಿಯಂ ಶ್ರುತಿ ಅಲ್ಲ, ವೀಣೆಯ ಶ್ರುತಿಯ ಹಾಗೆ, ಪ್ರತಿ ಸಲ ಹೊತ್ತು ಸಾಗಿಸಿದ ಮೇಲೆ ನೋಡಲೇಬೇಕು. ತಿರುಗಿಸಿ ಸರಿ ಮಾಡಿದ ಮೇಲೆ ಉಂಗುರ ದುಂಡಗಾಯಿತು, ಫೋಕಸಿನ ಆಚೆ ಈಚೆ ಎರಡೂ ಕಡೆ ಒಂದೇ ಥರ ಕಂಡಿತು. ಅಲ್ಲಿಗೆ ನನ್ನ ಅನುಮಾನ ಮುಗಿಯಿತು. ಹದಿನೇಳು ಸಾವಿರಕ್ಕೆ ಮಾತಾಯಿತು. ಕೊಳವೆ ನಾಲ್ಕಡಿ ಉದ್ದ, ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿತು. ಅಡಿಯ ಪೆಟ್ಟಿಗೆ ಮುಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡು.

ಒಂದನ್ನು ಮಾತ್ರ ನಾನು ಸರಿಯಾಗಿ ನೋಡಿರಲಿಲ್ಲ. ಆ ಅಡಿಯ ಪೆಟ್ಟಿಗೆ.

ಮನೆಗೆ ತಂದು ಅಂಗಳದಲ್ಲಿ ಇಟ್ಟು ತಿರುಗಿಸಿದರೆ ಒಂದು ಕಡೆ ತಡೆಯುತ್ತದೆ, ಬಲ ಹಾಕಿದರೆ ಜಾರಿ ದಾಟಿ ಹೋಗುತ್ತದೆ. ಮಗುಚಿ ಹಾಕಿದೆ. ಕಾರ್ಖಾನೆಯಿಂದ ಬಂದ ಪೆಟ್ಟಿಗೆ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯದು. ಅಂಚಿನ ಪಟ್ಟಿ ಎದ್ದು ಬಂದಿತ್ತು, ಒಳಗಿನ ಪುಡಿ ನೀರು ಕುಡಿದು ಬಿಸ್ಕತ್ತಿನ ಹಾಗೆ ಉಬ್ಬಿತ್ತು. ಸ್ಕ್ರೂ ಹಿಡಿದ ಜಾಗದಲ್ಲಿ ಉಗುರು ಹಾಕಿದರೆ ಪುಡಿ ಉದುರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಗಳಲ್ಲಿ ಈ ಹಲಗೆ ಬಾಳುವುದಿಲ್ಲ. ಕನ್ನಡಿ ಎಷ್ಟೇ ಚೆನ್ನಾಗಿರಲಿ, ಕೂರುವ ಜಾಗ ಸರಿ ಇಲ್ಲದಿದ್ದರೆ ಪ್ರಯೋಜನ ಇಲ್ಲ.

ನಮ್ಮ ಮನೆಯ ಬಾಗಿಲು ಮಾಡಿದ ಆಚಾರ್ರನ್ನು ಕರೆದೆ. ಅವರು ಹಳೇ ಪೆಟ್ಟಿಗೆಯನ್ನು ಸುತ್ತ ಎರಡು ಸಲ ನೋಡಿ, "ಇದರಲ್ಲಿ ತೂಕ ನಿಲ್ಲುವುದು ಎಲ್ಲಿ?" ಅಂತ ಕೇಳಿದರು. ಎಲ್ಲರೂ ಕೇಳಬೇಕಾದ ಪ್ರಶ್ನೆ ಅದು. ನೀರು ತಡೆಯುವ ಹದಿನೆಂಟು ಮಿಲಿಮೀಟರಿನ ಮರೈನ್ ಪ್ಲೈ ತಂದು, ಹಳೆಯದನ್ನೇ ಅಳತೆಗಿಟ್ಟು ಹೊಸದು ಕೊಯ್ದರು. ಅಂಚಿಗೆಲ್ಲ ಮೂರು ಕೈ ವಾರ್ನಿಷ್. ತಿರುಗುವ ತಟ್ಟೆಯ ಒಂದು ಮೈಗೆ ಸಣ್ಣ ಹರಳಿನಂತೆ ಒರಟು ಮೈಯ ಸನ್‌ಮೈಕಾ ಅಂಟಿಸಿದೆವು, ಇನ್ನೊಂದು ಮೈಗೆ ಮೂರು ಟೆಫ್ಲಾನ್ ತುಂಡು, ಕೆಳಗಿನ ಮೂರು ಕಾಲುಗಳ ನೇರ ಮೇಲೆ ಬರುವ ಹಾಗೆ. ನುಣುಪು ಸನ್‌ಮೈಕಾ ಬೇಡ, ಅದಕ್ಕೆ ಟೆಫ್ಲಾನ್ ಹಿಡಿದುಕೊಳ್ಳುತ್ತದೆ. ಮೊದಲ ಸಲ ತಳ್ಳಿದಾಗ ಅದು ಬೆಣ್ಣೆಯ ಮೇಲೆ ಸರಿದ ಹಾಗೆ ಸರಿಯಿತು, ಬೆರಳು ತೆಗೆದಲ್ಲೇ ನಿಂತಿತು. ಆಚಾರ್ರು ತಾವೇ ಹತ್ತು ಸಲ ತಿರುಗಿಸಿ ನೋಡಿದರು. ಎಲ್ಲ ಸೇರಿ ನಾಲ್ಕೂವರೆ ಸಾವಿರ. ನೀವು ಕರಾವಳಿಯಲ್ಲಿ ಹಳೇ ಡಾಬ್ಸೋನಿಯನ್ ತಗೊಳ್ಳುವುದಾದರೆ ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮೊದಲ ಸಲ ಜನರಿಗೆ ತೋರಿಸಲು ಹೋದದ್ದು ಮಲ್ಪೆ ಬೀಚಿಗೆ, ಡಿಸೆಂಬರಿನಲ್ಲಿ. ಆ ತಿಂಗಳು ಗುರು ಸೂರ್ಯನ ಎದುರು ಬದಿಗೆ ಬಂದಿದ್ದ, ಸಂಜೆಯೇ ಪೂರ್ವದಲ್ಲಿ ಹೊಳೆಯುತ್ತಿದ್ದ. ಜನ ಬಂದರು, ಆದರೆ ಜಾಗ ಸರಿ ಬರಲಿಲ್ಲ. ಅಂಗಡಿಗಳ ದೀಪ, ಪಾರ್ಕಿಂಗಿನ ಹೆಡ್‌ಲೈಟ್, ಗಾಳಿಯಲ್ಲಿ ಮರಳು. ಹೊಸ ತಟ್ಟೆಯ ನಡುವೆ ಮರಳು ಸೇರಿ ಕರಕರ ಅನ್ನಲು ಶುರುವಾಯಿತು. ಒಂದು ಗಂಟೆಯಲ್ಲಿ ಕಟ್ಟಿದೆ. ಮನೆಗೆ ಬಂದು ಎಲ್ಲ ಬಿಚ್ಚಿ ಒರೆಸಿದೆ, ಕೊಳವೆಯ ಹೊರಮೈಯಲ್ಲೂ ಉಪ್ಪಿನ ಅಂಟು. ಆಮೇಲೆ ಬೀಚಿಗೆ ಹೋಗಲಿಲ್ಲ.

ನಮ್ಮ ಊರ ಶಾಲೆಯ ಮೈದಾನ ಅದಕ್ಕಿಂತ ಎಷ್ಟೋ ವಾಸಿ. ಪಶ್ಚಿಮಕ್ಕೆ ಗದ್ದೆ, ಆಚೆ ತೆಂಗಿನ ಸಾಲು. ಹೆಡ್ ಮಾಸ್ಟರ್ ಒಪ್ಪಿದರು, ಎದುರಿನ ಅಂಗಡಿಯವರು ಎರಡು ಗಂಟೆ ಹೊರಗಿನ ಟ್ಯೂಬ್‌ಲೈಟ್ ಆರಿಸಿದರು. 2025ರ ಫೆಬ್ರವರಿ 1, ಶನಿವಾರ. ಆ ದಿನವನ್ನು ಬೇಕೆಂದೇ ಆರಿಸಿದ್ದೆ. ಪಶ್ಚಿಮದಲ್ಲಿ ತೆಳ್ಳಗಿನ ಚಂದ್ರ, ಪಕ್ಕದಲ್ಲೇ ಶುಕ್ರ, ಕೆಳಗೆ ಶನಿ. ನೆತ್ತಿಯ ಹತ್ತಿರ ರೋಹಿಣಿಯ ಬಳಿ ಗುರು. ಪೂರ್ವದಲ್ಲಿ ಕೆಂಪಗೆ ಮಂಗಳ.

ಮೊದಲು ಚಂದ್ರ, ಆಮೇಲೆ ಶುಕ್ರ ತೋರಿಸಿದೆ. ಎರಡೂ ಕುಡುಗೋಲಿನ ಹಾಗೆ, ಎರಡೂ ಒಂದೇ ಕಡೆಗೆ ಬಾಗಿದ್ದವು, ಶುಕ್ರ ಮಾತ್ರ ಸ್ವಲ್ಪ ದಪ್ಪ. ಐದನೇ ಕ್ಲಾಸಿನ ಒಬ್ಬಳು ಎರಡು ಸಲ ಸಾಲು ನಿಂತು ನೋಡಿ, "ಹಾಗಾದರೆ ಶುಕ್ರನಿಗೂ ಅಮಾವಾಸ್ಯೆ ಉಂಟಾ ಅಣ್ಣಾ?" ಅಂತ ಕೇಳಿದಳು. ಉಂಟು ಅಂದೆ, ಮಾರ್ಚ್ 23ರ ಹೊತ್ತಿಗೆ ಅದು ನಮಗೂ ಸೂರ್ಯನಿಗೂ ನಡುವೆ ಬರುತ್ತದೆ, ಅಷ್ಟರವರೆಗೆ ತೆಳ್ಳಗಾಗುತ್ತ ದೊಡ್ಡದಾಗುತ್ತ ಹೋಗುತ್ತದೆ. ಅವಳು ವಾರಕ್ಕೊಮ್ಮೆ ನಮ್ಮ ಅಂಗಳಕ್ಕೆ ಬಂದು ನೋಡಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡಳು. ಐದು ಚಿತ್ರ ಆಗಿವೆ.

ಶನಿಯ ಸರದಿ ಬಂದಾಗ ಪಕ್ಕದ ಮನೆಯ ದೊಡ್ಡಮ್ಮ ಸಾಲಿನಿಂದ ಸರಿದು ನಿಂತರು. ಅವರಿಗೆ ಶನಿಯನ್ನು ನೋಡುವುದು ಬೇಡ. ನಾನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಬಾರದು. ಉಳಿದವರೆಲ್ಲ ನೋಡಿ ಬಂದು ಮಾತಾಡುವುದನ್ನು ಕೇಳುತ್ತ ಕೂತಿದ್ದರು. ಎಂಟು ಗಂಟೆ ಹೊತ್ತಿಗೆ, ಶನಿ ತೆಂಗಿನ ಗರಿಗೆ ತಾಗುವಷ್ಟು ಇಳಿದಾಗ, ಎದ್ದು ಬಂದು ತೋರಿಸು ಅಂದರು. ನೋಡಿದರು. "ಉಂದು ದಾದ ಮಗಾ, ಸೂಜಿದ ಲೆಕ ತೋಜುಂಡು" ಅಂದರು ತುಳುವಿನಲ್ಲಿ, ಇದೇನು ಮಗಾ, ಸೂಜಿಯ ಹಾಗೆ ಕಾಣುತ್ತದೆ ಅಂತ. ಸರಿಯಾಗಿಯೇ ಹೇಳಿದರು. ಆಗ ಬಳೆ ನಮಗೆ ಅಂಚಿನಿಂದ ಕಾಣುತ್ತಿತ್ತು, ಮಣಿಗೆ ಸೂಜಿ ಚುಚ್ಚಿದ ಹಾಗೆ. ಶನಿ ಸೂರ್ಯನ ಸುತ್ತ ಒಂದು ಸುತ್ತು ಬರಲು ಇಪ್ಪತ್ತೊಂಬತ್ತೂವರೆ ವರ್ಷ. ಅದರಲ್ಲಿ ಎರಡು ಸಲ ಹೀಗೆ ಬಳೆ ತೆಳ್ಳಗಾಗಿ ಕಾಣದಂತಾಗುತ್ತದೆ. ಪಟದಲ್ಲಿರುವ ಬಳೆ ಬೇಕು ಅಂತ ಬಂದ ಮಕ್ಕಳಿಗೆ ಬೇಜಾರಾಗುತ್ತದೇನೋ ಅಂತ ನನಗೆ ಅಳುಕಿತ್ತು. ಆದರೆ ದೊಡ್ಡಮ್ಮನ ಸೂಜಿಯ ಮಾತು ಕೇಳಿದ ಮೇಲೆ ಮಕ್ಕಳೆಲ್ಲ ಸೂಜಿ ನೋಡಲು ಮತ್ತೆ ಸಾಲು ನಿಂತರು.

ಇನ್ನು ಜನ ಸಾಲಿನಲ್ಲಿ ಇರುವಾಗ ಕಲಿತ ಕೆಲವು ವಿಷಯ. ಮೋಟಾರ್ ಇಲ್ಲದ ಟೆಲಿಸ್ಕೋಪಿನಲ್ಲಿ ಭೂಮಿ ತಿರುಗುವ ಕಾರಣ ಗ್ರಹ ಸರಿಯುತ್ತ ಹೋಗುತ್ತದೆ. ಹತ್ತರ ಐಪೀಸಿನಲ್ಲಿ 120 ಪಟ್ಟು (ಫೋಕಲ್ ಲೆಂತ್ 1200ನ್ನು ಹತ್ತರಿಂದ ಭಾಗಿಸಿ), ಒಂದಂಚಿನಿಂದ ಇನ್ನೊಂದಂಚಿಗೆ ಹೋಗಲು ಒಂದೂಮುಕ್ಕಾಲು ನಿಮಿಷ ಮಾತ್ರ. ಇಪ್ಪತ್ತೈದರದ್ದರಲ್ಲಿ 48 ಪಟ್ಟು, ನಾಲ್ಕು ನಿಮಿಷಕ್ಕಿಂತ ಜಾಸ್ತಿ. ಅಜ್ಜಿಯೊಬ್ಬರು ಕನ್ನಡಕ ತೆಗೆದು, ಕಣ್ಣಿಡುವ ಜಾಗ ಹುಡುಕಿ, "ಎಲ್ಲಿ, ಎಂಥದೂ ಕಾಣುದಿಲ್ಲ" ಅಂದು, ಆಮೇಲೆ "ಹಾ!" ಅನ್ನುವುದಕ್ಕೇ ಒಂದು ನಿಮಿಷ ಬೇಕು. ಅದಕ್ಕೆ ನಾನು ಜಾಸ್ತಿ ಬಳಸುವುದು ಹದಿನೈದರದ್ದು, 80 ಪಟ್ಟು. ಗುರುವಿನ ಎರಡು ಪಟ್ಟೆ, ನಾಲ್ಕು ಚಂದ್ರ ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಗ್ರಹವನ್ನು ಅದು ಒಳಬರುವ ಅಂಚಿನ ಹತ್ತಿರ ಇಟ್ಟು ಕರೆದರೆ ಮೂರು ಜನ ನೋಡುವವರೆಗೆ ಮುಟ್ಟಬೇಕಾಗಿಲ್ಲ. ಹತ್ತರದ ಐಪೀಸ್ ಹಾಳಾಗಿದ್ದೂ ಹಾಗಾಗಿ ನನಗೆ ನಷ್ಟ ಅನ್ನಿಸಲಿಲ್ಲ, ಅದರಲ್ಲಿ ಕನ್ನಡಕದವರು ಕಣ್ಣನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ತರಬೇಕು, ಕಷ್ಟ.

ಹತ್ತಿರ ಬಂದ ಯಾರೇ ಆಗಲಿ ಮೊದಲು ಮಾಡುವುದು ಐಪೀಸನ್ನು ಕೈಯಲ್ಲಿ ಹಿಡಿಯುವುದು. ಹಿಡಿಯಬೇಡಿ ಅಂತ ನೂರು ಸಲ ಹೇಳಿ ಸೋತೆ. ಆಮೇಲೆ ಮುಂದೆ ಒಂದು ಮರದ ಕುರ್ಚಿ ಇಟ್ಟು, "ಕುರ್ಚಿಯ ಬೆನ್ನು ಹಿಡಿದುಕೊಂಡು ಬಗ್ಗಿ" ಅಂದೆ. ಕೈಗೆ ಕೆಲಸ ಸಿಕ್ಕಿತು, ಟೆಲಿಸ್ಕೋಪ್ ಬದುಕಿತು. ಬಗ್ಗಲಾಗದವರು ಅದರಲ್ಲೇ ಕೂತು ನೋಡುತ್ತಾರೆ. ಸಣ್ಣ ಮಕ್ಕಳಿಗೆ ಒಂದು ಕಣ್ಣು ಮುಚ್ಚಲು ಬರುವುದಿಲ್ಲ, ಅವರ ಅಂಗೈಯನ್ನೇ ಆ ಕಣ್ಣಿನ ಮೇಲೆ ಇಡಿಸಿ. ಮತ್ತೆ ನೆತ್ತಿಯ ಮೇಲಿರುವುದನ್ನು ತೋರಿಸಲು ಹೋಗಬೇಡಿ. ಕೊಳವೆ ನೆಟ್ಟಗೆ ನಿಂತಾಗ ಡಾಬ್ಸೋನಿಯನ್ನನ್ನು ತಿರುಗಿಸುವುದೇ ಕಷ್ಟ, ಅವತ್ತು ಗುರು ಸ್ವಲ್ಪ ವಾಲುವವರೆಗೆ ಒಂಬತ್ತೂವರೆ ತನಕ ಕಾದೆವು. ಅಷ್ಟರಲ್ಲಿ ಇಬ್ಬನಿ ಇಳಿಯಿತು. ಐಪೀಸನ್ನು ಶರ್ಟಿನ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡರೆ ಮಂಜು ಹಿಡಿಯುವುದಿಲ್ಲ.

ಜೂನಿನಿಂದ ಸೆಪ್ಟೆಂಬರ್ ತನಕ ಆಕಾಶ ಇಲ್ಲ. ಆ ನಾಲ್ಕು ತಿಂಗಳು ಕಾಪಾಡುವುದೇ ದೊಡ್ಡ ಕೆಲಸ. ಐಪೀಸುಗಳು ಗಾಳಿಯಾಡದ ಅಡುಗೆ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ. ಜೆಲ್ಲಿನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿ ಮತ್ತೆ ಹಾಕುತ್ತೇನೆ, ಆ ಬಾಣಲೆ ಅಡುಗೆಗೆ ಅಲ್ಲ. ಕನ್ನಡಿಯನ್ನು ಬಿಚ್ಚಿ, ರೇಷ್ಮೆ ಸೀರೆಗಳಿಗಾಗಿ ಅಮ್ಮ ಬಲ್ಬ್ ಉರಿಸುವ ಮರದ ಕಪಾಟಿನ ಮೇಲಿನ ಅಂಕಣದಲ್ಲಿ ಇಟ್ಟೆ. ಅಕ್ಟೋಬರಿನಲ್ಲಿ ತೆಗೆದು ಮತ್ತೆ ಬಲ್ಬಿನೆದುರು ಹಿಡಿದಾಗ ಚುಕ್ಕಿಗಳು ಹದಿಮೂರೇ ಇದ್ದವು.

ಈಗ ತಿಂಗಳಿಗೊಂದು ಶನಿವಾರ ಶಾಲೆಯ ಮೈದಾನದಲ್ಲಿ ಇಡುತ್ತೇವೆ. ಅಂಗನವಾಡಿಯ ಪುಟ್ಟ ಮಕ್ಕಳೂ ಬರಲು ಶುರು ಮಾಡಿದ್ದಾರೆ, ಅವರಿಗೆ ಈಗಿನ ಸ್ಟೂಲಿನ ಮೇಲೆ ನಿಂತರೂ ಐಪೀಸ್ ಎಟುಕುವುದಿಲ್ಲ. ಎರಡು ಮೆಟ್ಟಿಲಿನದ್ದು, ಬದಿಯಲ್ಲಿ ಹಿಡಿಯಲು ಕೋಲು ಇರುವಂಥದ್ದು ಬೇಕು ಅಂತ ಆಚಾರ್ರಿಗೆ ಹೇಳಿದ್ದೇನೆ. ಪ್ಲೈ ತುಂಡು ಉಳಿದದ್ದು ಸಾಕಾಗುತ್ತದೆ ಅಂದಿದ್ದಾರೆ.